ಕಾಕಾ ಕಿತ್ತೆಸೆದ ಗಂಡುಹೂಗಳು

ಬ್ರಹ್ಮ ಸೃಷ್ಟಿಗೆ ಕೂತಾಗ ನಮ್ಮ ಕಾಕಾ ಪಕ್ಕದಲ್ಲಿದ್ದಿದ್ದರೆ ಅರ್ಧ ಜಗತ್ತು ಹುಟ್ಟುತ್ತಲೇ ಇರಲಿಲ್ಲ. "ಇದು ಪುಕ್ಕಟ ಕೂಳ ತಿನ್ನೂದೈತಿ, ಬ್ಯಾಡ" ಎಂದು ಒಂದೊಂದನ್ನೇ ತೆಗೆಸಿಬಿಡುತ್ತಿದ್ದರು. ಕಣ್ಣಿಗೆ ಕಾಣುವಂತೆ ದುಡಿಯದ ಯಾವುದೂ ಅವರಿಗೆ ಸೇರದು. ಗೋಡೆ ಗಡಿಯಾರದ ಲೋಲಕ ಸುಮ್ಮನೆ ತೂಗಾಡುತ್ತದೆಂದು ಬಿಚ್ಚಿಟ್ಟರು. ಅಂದಿನಿಂದ ತಿಕೋಟಾದ ಆ ಮನೆಯಲ್ಲಿ ಸದಾ ನಾಲ್ಕೂವರೆ. ತಪ್ಪು ಯಾರದು? ಗಡಿಯಾರದ್ದು!

ನಾನು ಬಿ.ಎಸ್ಸಿ. ಮುಗಿಸಿ ವಿಜಾಪುರಕ್ಕೆ ಮರಳಿದ ವರ್ಷ ಶ್ರಾವಣಕ್ಕೆ ಅವರಲ್ಲಿಗೆ ಹೋಗಿದ್ದೆ. ಮಹಾಯುದ್ಧದ ಲಡಾಯಿಯಿಂದ ಸೀಮೆಎಣ್ಣೆಯೂ ಸಿಗದ ಕಾಲ. ಕಾಕಾ ಮಾತ್ರ ಹಿತ್ತಲ ಕುಂಬಳಬಳ್ಳಿಯನ್ನು ಸುಧಾರಿಸುವುದರಲ್ಲಿ ಮುಳುಗಿದ್ದರು. ಬುಡದಲ್ಲಿ ಪುಟ್ಟ ಮಿಡಿಯಿರುವ ಹೂಗಳನ್ನು ಬಿಟ್ಟು, ಬರೀ ತೊಟ್ಟಿನ ಮೇಲೆ ನಿಂತವನ್ನೆಲ್ಲ ದಿನಾ ಬೆಳಿಗ್ಗೆ ಕಿತ್ತು ಎಮ್ಮೆಗೆ ಹಾಕುತ್ತಿದ್ದರು. ಜೇನುನೊಣಗಳು ಕಳ್ಳರಂತೆ, ಅವಕ್ಕೆ ಹೊಗೆ. ಇಷ್ಟೆಲ್ಲ ಉಪಚಾರವಾದ ಮೇಲೂ ಮಿಡಿಗಳು ಹಳದಿಯಾಗಿ ಉದುರಿದವು. ಬಳ್ಳಿ ಬಂಜೆಯೆಂದು ತೀರ್ಪಾಯಿತು.

ಇದೇ ತೀರ್ಪು ಕಾಕಾನ ಹೆಂಡತಿ ಚಿಗವ್ವನ ಮೇಲೂ ಆಗಿತ್ತು. ಮಕ್ಕಳಾಗಲಿಲ್ಲವೆಂದು ಕಾಕಾನಿಗೆ ಬಬಲೇಶ್ವರದಲ್ಲಿ ಎರಡನೆಯ ಹೆಣ್ಣು ನೋಡಿದ್ದರು. ಮುಂದಿನ ಸೋಮವಾರ ಹುಡುಗಿಯ ತಂದೆ ಮಾತು ಮುಗಿಸಲು ಬರುವವರಿದ್ದರು. ಅವರಿಗೆ ಹೋಳಿಗೆ ಮಾಡಬೇಕಾದವಳು ಯಾರು? ಚಿಗವ್ವನೇ.

ಮದುವೆಯ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿರಲಿಲ್ಲ. ಹೂವಿನ ವಿಷಯದಲ್ಲಿ ಮಾತ್ರ ಸರ್ಟಿಫಿಕೇಟು ಇತ್ತು. ಕಾಕಾ ಊಟಕ್ಕೆ ಕೂತಾಗ ಎರಡು ಹೂ ತಂದು ಮುಂದಿಟ್ಟೆ. ಗಂಡುಹೂವಿನ ನಡುವೆ ಕೇಸರ, ಅದರ ಮೇಲೆ ಪರಾಗದ ಹುಡಿ. ಹೆಣ್ಣುಹೂವಿನ ನಡುವೆ ಶಲಾಕಾಗ್ರವೆಂಬ ಅಂಟಂಟಾದ ತುದಿ, ಕೆಳಗೆ ಮಿಡಿಯಂತೆ ಕಾಣುವ ಅಂಡಾಶಯ. ಹುಡಿ ಆ ಅಂಟುತುದಿಗೆ ಮುಟ್ಟಿದರಷ್ಟೇ ಬೀಜ ಕಟ್ಟಿ ಕಾಯಾಗುವುದು, ಮುಟ್ಟಿಸುವವು ಜೇನುನೊಣಗಳು ಎಂದು ವಿವರಿಸಿದೆ.

"ಹಡಿಯೂದು ಹೆಣ್ಣ ಹೂವ ಹೌದಿಲ್ಲೊ? ಕಾಯಿ ಆಗಲಿಲ್ಲಂದ್ರ ಅದರದ ತಪ್ಪ," ಅಂದರು ಕಾಕಾ.

"ಹಂಗೇನಿಲ್ರಿ ಕಾಕಾ. ಹೆಣ್ಣ ಹೂವ ನೆಟ್ಟಗ ಇದ್ರೂ ಕಾಯಿ ಆಗದ ಇರಬಹುದು. ಗಂಡ ಹೂವಿನ ಕಡೆನೂ ನೋಡಬೇಕಾಕ್ಕೈತ್ರಿ."

ಒಲೆಯ ಮುಂದೆ ಚಿಗವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ನನ್ನತ್ತ ನೋಡಲಿಲ್ಲ. ನನಗೆ ಸಾಲಿ ಕಲಿಸಿದ್ದೇ ತಪ್ಪಾಯಿತೆಂದು ಗೊಣಗಿ ಕೈ ತೊಳೆದರು.

ಮರುದಿನ ಎಮ್ಮೆಗೆ ಹೂವಿಲ್ಲ! ಕಾಕಾ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಡುಹೂವಿನ ಎಸಳು ಬಿಡಿಸಿ ಕೇಸರವನ್ನು ಹೆಣ್ಣುಹೂವಿಗೆ ಮುಟ್ಟಿಸುತ್ತಿದ್ದರು. ಆ ಮಿಡಿ ಉದುರಲಿಲ್ಲ. ದಿನವೂ ಹೋಗಿ ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಸೋಮವಾರದ ಹೊತ್ತಿಗೆ ಅದು ಮುಷ್ಟಿಗಿಂತ ದೊಡ್ಡದಾಗಿತ್ತು.

ಬಬಲೇಶ್ವರದವರು ಬಂದು ಜಮಖಾನೆಯ ಮೇಲೆ ಕೂತರು. ಚಿಗವ್ವ ತಲೆ ತಗ್ಗಿಸಿ ಮಜ್ಜಿಗೆ ಲೋಟಗಳ ತಟ್ಟೆ ತಂದಳು. ಕಾಕಾ ಎದ್ದು ನಿಂತರು.

"ನಿಮ್ಮ ಮಗಳಿಗಿ ಬ್ಯಾರೆ ಮನಿ ನೋಡ್ರಿ. ಕೊರತಿ ನನ್ನ ಕಡೆನ ಇದ್ದರ, ಇನ್ನೊಂದ ಜೀವಾ ಯಾಕ ಹಾಳ ಮಾಡೂದು?"

ಕಾಕಾ ಚಿಗವ್ವನ ಕೈಯಿಂದ ತಟ್ಟೆ ತೆಗೆದುಕೊಂಡು, "ನೀ ಕೂಡು," ಅಂದರು. ಜನ್ಮದಲ್ಲಿ ಯಾರಿಗೂ ಒಂದು ಲೋಟ ನೀರು ಕೊಟ್ಟವರಲ್ಲ. ಅರ್ಧ ಮಜ್ಜಿಗೆ ಬೀಗರಾಗಬೇಕಿದ್ದವರ ಧೋತರದ ಮೇಲೆ ಹೋಯಿತು. ಚಿಗವ್ವ ಕಂಬಕ್ಕೊರಗಿ ಕೂತಿದ್ದಳು. ಒರೆಸಲು ಏಳಲಿಲ್ಲ.