ಸೂಕ್ತ ಸ್ಥಳದಲ್ಲಿ ಕೂರಲೊಪ್ಪದ ಫ್ಯೂಯೆಲ್ ಪಂಪಿಗೆ

ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಲುಪಿಸುವ ಮಹಾಮಾನ್ಯ ಫ್ಯೂಯೆಲ್ ಪಂಪ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಲಿಂಕನ್‌ಶೈರಿನ ಹೋಲ್ಬೀಚ್ ಬಳಿಯ ನಿವಾಸಿಯೂ, ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಊರಿನವರ ದೂರುಗಳನ್ನೆಲ್ಲ ನಗುನಗುತ್ತ ಸ್ವೀಕರಿಸಿ ನಿವೃತ್ತನಾದವನೂ, ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬಂದ ಎರಡು ಸೀಟಿನ ಕಾರೊಂದನ್ನು ಮನೆಯ ಗ್ಯಾರೇಜಿನಲ್ಲೇ ಆರು ವರ್ಷಗಳಿಂದ ಜೋಡಿಸುತ್ತಿರುವವನೂ ಆದ ಡೆಸ್ಮಂಡ್ ಸ್ನೀತ್ ಎಂಬ ನಾನು, ತಮ್ಮ ಆರೋಗ್ಯವನ್ನು ಹಾರೈಸುತ್ತ, ನಮ್ಮೂರ ಮಾಸಪತ್ರಿಕೆಯ ಮೂಲಕ ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ಆರಿಸಿದ ಯಾವ ಜಾಗದಲ್ಲೂ ತಾವು ಕೆಲಸ ಮಾಡಲಿಲ್ಲ. ಇಷ್ಟು ದಿನ ದೂರು ಕೇಳಿದವನಿಗೆ ದೂರು ಕೊಡುವ ಅಭ್ಯಾಸ ಸಾಲದು, ತಪ್ಪಿದ್ದರೆ ಮನ್ನಿಸಬೇಕು.

ತಾವು ನಮ್ಮ ಮನೆಗೆ ಬಂದ ದಿನ ತಮ್ಮ ಹೊಳಪು ಕಂಡು ಚಹಾ ಆರುವವರೆಗೂ ನೋಡುತ್ತ ಕೂತೆನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮನ್ನು ಎಲ್ಲಿ ಕೂರಿಸಬೇಕೆಂದು ಕಾರಿನ ಕೈಪಿಡಿಯನ್ನು ತೆರೆದರೆ, ಒಂದೊಂದು ತಿರುಪಿಗೂ ಅರ್ಧ ಪುಟ ಬರೆದ ಆ ಪುಣ್ಯಾತ್ಮರು ತಮ್ಮ ವಿಷಯಕ್ಕೆ ಬಂದಾಗ ಮಾತ್ರ ‘ಪಂಪನ್ನು ಸೂಕ್ತ ಸ್ಥಳದಲ್ಲಿ ಅಳವಡಿಸಿ’ ಎಂಬ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದರು. ಸೂಕ್ತ ಎಂದರೆ ಏನು, ಯಾರಿಗೆ ಸೂಕ್ತ ಎಂದು ಬಿಡಿಸಿ ಹೇಳುವುದು ನಮ್ಮ ಇಂಗ್ಲೆಂಡಿನಲ್ಲಿ ಒರಟುತನವೆನಿಸುತ್ತದೆ. ನಾನಂತೂ ಕಣ್ಣಿಗೆ ಸೂಕ್ತವೆಂದು ಓದಿಕೊಂಡು, ಕಾರುಗಳ ಮೇಳದಲ್ಲಿ ಬಾನೆಟ್ ಎತ್ತಿದ ಕೂಡಲೇ ಎಲ್ಲರಿಗೂ ದರ್ಶನವಾಗುವ ಹಾಗೆ, ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿನ ಗೋಡೆಯ ಮೇಲೆ, ತೀರ ಮೇಲ್ಗಡೆ, ತಮಗೆ ಸಿಂಹಾಸನ ಗೊತ್ತುಮಾಡಿದೆ.

ಇಲ್ಲಿ ರಾಲ್ಫ್ ಕಪಲ್‌ಡಿಚ್‌ನ ಪ್ರಸ್ತಾಪ ಅನಿವಾರ್ಯವಾಗುತ್ತದೆ. ನಮ್ಮ ಬೇಲಿಯಾಚೆಯ ಮನೆಯವನು, ಈ ಕಾರಿನ ಅರ್ಧ ಬೋಲ್ಟುಗಳನ್ನು ಬಿಗಿದವನು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ನಮ್ಮ ಹೊಲಗಳ ಮಳೆನೀರನ್ನು ಎತ್ತಿ ಹೊರಹಾಕುವ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ದುಡಿದವನು, ಅಂದರೆ ನಾವೆಲ್ಲ ಇನ್ನೂ ಮುಳುಗದೆ ಇರುವುದಕ್ಕೆ ಒಂದಿಷ್ಟು ಕಾರಣನಾದವನು. ಕಳೆದ ಅಕ್ಟೋಬರಿನ ಒಂದು ಶನಿವಾರ, ಕಾರು ಕ್ಲಬ್ಬಿನ ನಾಲ್ವರು ಚಹಾ ಹಿಡಿದು ನೋಡುತ್ತ ನಿಂತಿದ್ದಾಗ, ಅವನು ತಮ್ಮ ಸಿಂಹಾಸನವನ್ನು ಕಂಡು, “ಪಂಪು ತಳ್ಳುತ್ತೆ ಕಣಯ್ಯ ಡೆಸ್, ಎಳೆಯೋಕೆ ಅದಕ್ಕೆ ಬರಲ್ಲ. ಹಿಂದೆ ಟ್ಯಾಂಕಿನ ಪಕ್ಕ, ಕೆಳಗೆ ಹಾಕು. ಚೆಂದ ಇದೆ ಅಂತ ಷೋಕೇಸಲ್ಲಿ ಇಡೋಕೆ ಇದೇನು ಪಿಂಗಾಣಿ ಬೊಂಬೆನಾ?” ಎಂದ. ನಾಲ್ವರೂ ನಕ್ಕರು.

ಮಾನ್ಯರೇ, ನಾನು ಆಗ ಸುಮ್ಮನಿದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಆ ನಗು ನನ್ನನ್ನು ಚುಚ್ಚಿತು. “ಜೀವಮಾನವೆಲ್ಲ ಚರಂಡಿ ನೀರು ಎತ್ತಿದವನಿಗೆ ಕಾರಿನ ವಿಷಯ ಏನು ಗೊತ್ತು ಬಿಡು” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಲ್ಫ್ ಕೈಲಿದ್ದ ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಟ್ಟು, “ಸರಿ ಹಾಗಾದ್ರೆ” ಎಂದು ಹೊರಟುಹೋದ. ನಮ್ಮ ಕಡೆ ಬೈದವರು ಮಾರನೆಯ ದಿನ ಮಾತಾಡುತ್ತಾರೆ, ‘ಸರಿ ಹಾಗಾದ್ರೆ’ ಎಂದವರು ಮಾತಾಡುವುದಿಲ್ಲ. ಎಂಟು ತಿಂಗಳಾಯಿತು.

ಇನ್ನು ತಮ್ಮ ಲೀಲೆಗಳು. ಏಪ್ರಿಲ್‌ನಲ್ಲಿ, ಕಾರಿಗೆ ರಸ್ತೆಯ ಪರವಾನಗಿ ಕೊಡುವ ಸರ್ಕಾರಿ ತಪಾಸಣೆಗೆಂದು, ರಾಲ್ಫ್ ಕೂರಬೇಕಿದ್ದ ಸೀಟಿನಲ್ಲಿ ನನ್ನ ಹೆಂಡತಿ ಗ್ವೆಂಡಾಳನ್ನು ಕೂರಿಸಿಕೊಂಡು ಹೊರಟಾಗ, ಇಸ್ತ್ರಿ ಹೊಡೆದ ಹಾಗೆ ಚಪ್ಪಟೆಯಾದ ನಮ್ಮ ಸೀಮೆಯಲ್ಲಿ ಏರು ಎಂದು ಕರೆಸಿಕೊಳ್ಳುವ ಒಂದೇ ಒಂದು ಸೇತುವೆಯ ನೆತ್ತಿಯನ್ನೇ ತಾವು ವಿಶ್ರಾಂತಿಗೆ ಆರಿಸಿಕೊಂಡಿರಿ. ಎಂಜಿನ್ನಿನ ಕಾವಿಗೆ ತಮ್ಮ ಹೊಟ್ಟೆಯೊಳಗಿನ ಪೆಟ್ರೋಲೆಲ್ಲ ಆವಿಯಾಗಿತ್ತು, ಹಿಂದಿನ ಟ್ಯಾಂಕಿನಿಂದ ಹೊಸತನ್ನು ಎಳೆದುಕೊಳ್ಳುವ ಉತ್ಸಾಹ ತಮಗಿರಲಿಲ್ಲ. ಹಿಂದೆ ಹೂಕೋಸಿನ ಟ್ರ್ಯಾಕ್ಟರು, ಅದರ ಹಿಂದೆ ಹದಿನಾರು ವಾಹನ. ಒಬ್ಬರಾದರೂ ಹಾರನ್ ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಟ್ರ್ಯಾಕ್ಟರಿನ ಹೆಂಗಸು ಇಳಿದು ಬಂದು, “ನಿಧಾನ ಮಾಡಿ ಸಾರ್, ನಮಗೇನೂ ಅವಸರ ಇಲ್ಲ. ಹೂಕೋಸು ತಾನೇ, ನಾಳೆವರೆಗೂ ಬಾಡಲ್ಲ” ಎಂದಳು. ತಪಾಸಣೆಯ ಹೊತ್ತು ಮೀರಿತು, ದಿನಾಂಕ ಕೈತಪ್ಪಿತು.

ಆಮೇಲೆ ತಮ್ಮನ್ನು ಗ್ವೆಂಡಾಳ ಸೀಟಿನಡಿಗೆ ವರ್ಗಾಯಿಸಿದೆ. ಅಲ್ಲಿ ತಾವು ಟಕಟಕ ಎಂದು ಎಡೆಬಿಡದೆ ಬಡಿದು, ಜೊತೆಗೆ ಪೆಟ್ರೋಲಿನ ಘಮವನ್ನೂ ಬೀರಿದಿರಿ. “ಬಡಗಿಯ ಹೆಗಲ ಮೇಲೆ ಕೂತು ಊರು ಸುತ್ತೋ ಯೋಗ ನನಗ್ಯಾಕೆ ಬಂತೋ” ಎಂದು ಇಳಿದವಳು ಇವತ್ತಿನವರೆಗೂ ಹತ್ತಿಲ್ಲ. ಮೂರನೆಯ ಸಲ ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿದೆ. ರಾತ್ರಿ ಪೆಟ್ರೋಲೆಲ್ಲ ಕೆಳಗಿನ ಟ್ಯಾಂಕಿಗೆ ಇಳಿದುಹೋಗಿ, ಪ್ರತಿ ಬೆಳಗ್ಗೆಯೂ ತಾವು ಬರೀ ಗಾಳಿ ಕುಡಿದು ಉಪವಾಸವಿದ್ದಿರಿ. ಇಷ್ಟಾದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಡೀ ಕಾರಿನಲ್ಲಿ ರಾಲ್ಫ್ ಬೆರಳು ತೋರಿಸಿದ ಆ ಗೇಣು ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ತೂತು ಕೊರೆದೆ. “ಕಾರೋ ಜರಡಿಯೋ?” ಎಂದು ಗ್ವೆಂಡಾ ಕೇಳಿದಳು. “ಹೋಗಿ ಅವನ ಹತ್ರ ಒಂದು ಮಾತು ಆಡಿ ಬನ್ನಿ. ಬಾಯಿ ಸವೆದು ಹೋಗುತ್ತಾ?” ಎಂದೂ ಕೇಳಿದಳು.

ಆದಕಾರಣ ಮಾನ್ಯರಲ್ಲಿ ನನ್ನ ಸಣ್ಣಪುಟ್ಟ ಕೋರಿಕೆಗಳಿದ್ದವು. ತಾವು ದೊಡ್ಡ ಮನಸ್ಸು ಮಾಡಿ ನಿಸರ್ಗದ ನಿಯಮವನ್ನು ಬದಿಗಿಟ್ಟು, ರಾಲ್ಫ್ ಮನೆ ಬದಲಾಯಿಸುವವರೆಗಾದರೂ ಎಳೆಯುವುದನ್ನು ಕಲಿಯಬೇಕೆಂದೂ, ಅದಾಗದಿದ್ದರೆ ಪೆಟ್ರೋಲೇ ತನ್ನಿಚ್ಛೆಯಿಂದ ಮೇಲಕ್ಕೆ ಹರಿಯುವಂತೆ ಶಿಫಾರಸು ಮಾಡಬೇಕೆಂದೂ, ಅದೂ ಆಗದಿದ್ದರೆ ಅವನು ಹೇಳಿದ ಜಾಗಕ್ಕಿಂತ ಅರ್ಧ ಇಂಚು ಎಡಕ್ಕೆ ಮಾತ್ರ ಕೆಲಸ ಮಾಡಿ, ಅವನು ಹೇಳಿದ್ದು ಸ್ವಲ್ಪವಾದರೂ ತಪ್ಪೆಂದು ಸಾಬೀತುಪಡಿಸಬೇಕೆಂದೂ ಬೇಡಿಕೊಳ್ಳಬೇಕೆಂದಿದ್ದೆ.

ಆದರೆ ಕಳೆದ ಭಾನುವಾರ ರಾಲ್ಫ್ ಪ್ರಾರ್ಥನೆಗೆಂದು ಚಾಪೆಲಿಗೆ ಹೋಗಿರುವನೆಂದು ನಂಬಿ, ಕಳ್ಳನ ಹಾಗೆ ಕಾರಿನಡಿ ನುಸುಳಿ, ಟ್ಯಾಂಕಿನ ಪಕ್ಕ, ಕೆಳಗೆ, ಅದೇ ಗೇಣು ಜಾಗದಲ್ಲಿ ತಮ್ಮನ್ನು ಬಿಗಿದೆ. ಕೀಲಿ ತಿರುಗಿಸಿದೆ. ತಾವು ಟಕಟಕ ಎಂದಿರಿ, ನಿಧಾನವಾದಿರಿ, ಕೊನೆಗೊಂದು ಟಕ್ ಎಂದು ಹೊಟ್ಟೆ ತುಂಬಿದವರಂತೆ ಸುಮ್ಮನಾದಿರಿ. ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಅಷ್ಟರಲ್ಲಿ ಬೇಲಿಯಾಚೆ ಅವರೆ ಬಳ್ಳಿಗಳ ಮಧ್ಯದಿಂದ, ಚಾಪೆಲಿಗೆ ಹೋಗದ ರಾಲ್ಫ್‌ನ ದನಿ, “ಈಗ ಸರಿಯಾಗಿ ತುಂಬ್ಕೊಳ್ತಾ ಇದೆ” ಎಂದಿತು.

ಎಂಟು ತಿಂಗಳಲ್ಲಿ ಮೊದಲ ಮಾತು! ಆಗ ನಾನು ಹೇಳಬೇಕಿದ್ದದ್ದು ಎರಡೇ ಪದ. ನಾನು ಹೇಳಿದ್ದು, “ಗಾಳಿ ಜೋರಾಗಿದೆ ಅಲ್ವಾ?” ಅವನು ಹೇಳಿದ್ದು, “ಸಂಜೆಗೆ ಇಳೀಬೋದು.” ಅಷ್ಟೇ. ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ.

ನಾಲ್ವರ ಮುಂದೆ ಆಡಿದ ಮಾತನ್ನು ಬೇಲಿಯ ಸಂದಿಯಲ್ಲಿ ಪಿಸುಗುಟ್ಟಿ ಹಿಂದಕ್ಕೆ ಪಡೆಯುವುದು ನ್ಯಾಯವೂ ಅಲ್ಲ. ಹಾಗಾಗಿ ಮಾನ್ಯರೇ, ಮುಖ ನೋಡಿ ಹೇಳಲಾಗದ್ದನ್ನು ಮುಖವೇ ಇಲ್ಲದ ತಮಗೆ, ಇಡೀ ಊರು ಓದುವ ಹಾಗೆ ಬರೆಯುತ್ತಿದ್ದೇನೆ. ರಾಲ್ಫ್ ಹೇಳಿದ್ದು ಸರಿ. ನಾನು ಆಡಿದ ಮಾತು ಕೆಟ್ಟದ್ದು. ಅವನಿಲ್ಲದೆ ಗ್ಯಾರೇಜಿಗೆ ಹೋಗಲು ನನಗೆ ಬೇಜಾರು. ಗುರುವಾರ ಮತ್ತೆ ತಪಾಸಣೆಯಿದೆ, ಪಕ್ಕದ ಸೀಟು ಖಾಲಿಯಿದೆ.

ಇಂತಿ, ತಮ್ಮ ಮೇಲೆ ಅಷ್ಟೇನೂ ವಿಶ್ವಾಸವಿಲ್ಲದ
ತಮ್ಮ ವಿಶ್ವಾಸಿ,
ಡೆಸ್ಮಂಡ್ ಸ್ನೀತ್

ವಿ.ಸೂ.: ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಗ್ವೆಂಡಾ ನನ್ನನ್ನು ಕೇಳದೆ ಬೇಲಿಯಾಚೆ ದಾಟಿಸಿದಳು. ಚಹಾದ ಲೋಟದ ಕಲೆಯೊಂದಿಗೆ ವಾಪಸು ಬಂದಿದೆ. ಅಡಿಯಲ್ಲಿ ಪೆನ್ಸಿಲಿನಲ್ಲಿ, “ಏಳು ಗಂಟೆಗೆ ರೆಡಿ ಇರ್ತೀನಿ. ಓಡಿಸೋದು ನಾನು” ಎಂದಿದೆ. ಆದ್ದರಿಂದ ಮಾನ್ಯರೇ, ಗುರುವಾರ ದಾರಿಯಲ್ಲಿ ತಾವೇನಾದರೂ ನಿಂತುಬಿಟ್ಟರೆ, ಈ ಸಲ ತಪ್ಪು ತಮ್ಮದೇ, ನಮ್ಮಿಬ್ಬರದಲ್ಲ.