ಚುಕ್ಕೆಗಳುಳ್ಳ ಸ್ಕೋರ್ ಕಾರ್ಡು

9 ಫೆಬ್ರವರಿ 2025, ಭಾನುವಾರ, ವಿಶಾಖಪಟ್ಟಣ. ಬೆಳಗ್ಗೆ ಏಳರವರೆಗೆ ಸಮುದ್ರದ ಕಡೆಯಿಂದ ತೆಳುಮಂಜು. ಎಂಟಕ್ಕೆ ಚುರುಕು ಬಿಸಿಲು. ಒಂಬತ್ತರ ನಂತರ ಉಪ್ಪುಗಾಳಿ.

ಒಂದು ಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ಚೆನ್ನಾಗಿ ಮಾಡಿದರೆ ಏನಾಗುತ್ತದೆ ಎಂಬುದು ನನಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ದಿನ ತಿಳಿಯಿತು.

ನಾನು ಗಾಲ್ಫ್ ಆಡುವುದಿಲ್ಲ. ಹೆಂಡತಿ ಪದ್ಮಾ ಆಡುತ್ತಾಳೆ. ಎಂಟು ತಿಂಗಳ ಹಿಂದೆ ಪಕ್ಕದ ಮನೆಯ ಹರಿಣಿ (ನೌಕಾಪಡೆಯ ಅಧಿಕಾರಿಯ ಪತ್ನಿ, ಮಡಿಕೇರಿಯವರು) ಇವಳನ್ನು ಒಮ್ಮೆ ಮೈದಾನಕ್ಕೆ ಕರೆದೊಯ್ದರು. ಅಂದಿನಿಂದ ಬುಧವಾರ ಅವಳ ಆಟದ ದಿನ, ನಮ್ಮ ಮನೆಯಲ್ಲಿ ಉಪ್ಪಿಟ್ಟು ಮಾತ್ರ. ಈ ಸುದ್ದಿ ವಿಜಯವಾಡದಲ್ಲಿರುವ ನಮ್ಮ ವಲಯ ಮುಖ್ಯಸ್ಥ ರಾಮ್‌ಪ್ರಸಾದ್ ಅವರಿಗೆ ಹೇಗೋ ತಲುಪಿತು. ಬ್ಯಾಂಕಿನ ಅಧಿಕಾರಿಗಳಿಗೂ ಕುಟುಂಬದವರಿಗೂ ಅವರು ಒಂದು ಗಾಲ್ಫ್ ಪಂದ್ಯ ಏರ್ಪಡಿಸಿ, ಸ್ಕೋರ್ ಕಾರ್ಡು ಮಾಡಿಸುವ ಹೊಣೆಯನ್ನು ಪರವಾಡ ಶಾಖೆಯ ಮ್ಯಾನೇಜರನಾದ ನನಗೆ ವಹಿಸಿದರು.

ನಾನು ಸಂತೋಷದಿಂದ ಒಪ್ಪಿದೆ. ಕಾರಣ ನಿಸ್ವಾರ್ಥವಾದುದಲ್ಲ. ಏಪ್ರಿಲಿನ ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮಗಳು ಧನ್ಯಾಳ ಇಂಟರ್ (ನಮ್ಮ ಕಡೆಯ ಪಿಯುಸಿ) ಮುಗಿಯಲು ಇನ್ನೂ ಒಂದು ವರ್ಷ ಬೇಕು. ಅಲ್ಲಿಯವರೆಗೆ ಅವಳೂ ಅವಳ ತಾಯಿಯೂ ಊರು ಬಿಡುವಂತಿಲ್ಲ. ಹೋಗುವುದಾದರೆ ನಾನೊಬ್ಬನೇ ಹೋಗಬೇಕು. ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಒಂದು ವರ್ಷ ಮುಂದೂಡಿ ಎಂದು ಅರ್ಜಿ ಕೊಟ್ಟಿದ್ದೆ. ಅದು ರಾಮ್‌ಪ್ರಸಾದ್ ಅವರ ಮೇಜಿನ ಮೇಲಿತ್ತು.

ಆದ್ದರಿಂದ ಹನ್ನೊಂದು ದಿನ ಸ್ಕೋರ್ ಕಾರ್ಡಿನ ಅಧ್ಯಯನದಲ್ಲಿ ಮುಳುಗಿದೆ. ಮೊದಲ ಕರಡು ಸಿದ್ಧವಾದಾಗ ಪದ್ಮಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಧಾರವಾಡ ಬಿಟ್ಟು ಇಪ್ಪತ್ತೆರಡು ವರ್ಷವಾದರೂ ಅವಳ ಮಾತು ಧಾರವಾಡ ಬಿಟ್ಟಿಲ್ಲ.

"ಇದೇನ್ರೀ, ಮನಿ ಸಾಲದ ಅರ್ಜಿ ಏನು? ತಂದಿ ಹೆಸರು ಒಂದು ಬರೀಲಿಕ್ಕೆ ಜಾಗ ಇಲ್ಲ ನೋಡ್ರಿ."

"ಮಾಹಿತಿ ಸಂಪೂರ್ಣವಾಗಿರಬೇಕು."

"ಮಾಹಿತಿ ಕಿಸೇದಾಗ ಹಿಡೀಬೇಕು. ಒಂದು ಮಡಿಕಿ, ಅಷ್ಟs. ಮತ್ತ ಈ ಅಕ್ಷರ ಯಾರಿಗೆ ಕಾಣಸ್ತಾವ? ಬಿಸಲಾಗ ನಿಂತು ಚಾಳೀಸು ಹುಡುಕೋದೇನು?"

"ನಾನ್ನಾ, ಈ ಹೊಳೆಯೋ ಪೇಪರ್ ವದ್ದು," ಎಂದಳು ಧನ್ಯಾ. (ಅವಳ ಕನ್ನಡ ಇತ್ತೀಚೆಗೆ ತೆಲುಗಿನಲ್ಲೇ ಹೆಚ್ಚು ಆರಾಮವಾಗಿರುತ್ತದೆ; ನಾನ್ನಾ ಎಂದರೆ ಅಪ್ಪ, ವದ್ದು ಎಂದರೆ ಬೇಡ.) "ಪೆನ್ಸಿಲ್ ಜಾರತ್ತೆ. ನನ್ನ ಹಾಲ್ ಟಿಕೆಟ್ ಮೇಲೆ ಹಾಗೇ ಆಗಿತ್ತು."

ಇಬ್ಬರೂ ಹೇಳಿದ್ದು ಸರಿಯಾಗಿತ್ತು. (ಹಾಗೆಂದು ನಾನು ಹೇಳಲಿಲ್ಲ.) ವಿಜಯವಾಡದ ಒನ್ ಟೌನಿನ ಕಾಗದದ ಮಂಡಿಯಿಂದ ಹೊಳಪಿಲ್ಲದ, ಬೆವರಿಗೆ ಮೆತ್ತಗಾಗದ ದಪ್ಪ ಕಾಗದ ತರಿಸಿದೆ. ಗುಳಿಯ ಸಂಖ್ಯೆ, ದೂರ, ಆ ಗುಳಿಗೆ ಚೆಂಡು ಸೇರಿಸಲು ಸಲ್ಲುವ ಹೊಡೆತಗಳ ಸಂಖ್ಯೆ, ಅದರ ನೇರ ಕೆಳಗೆ ಆಟಗಾರನ ಸಾಲು: ಕಣ್ಣು ಅಡ್ಡಾಡದೆ ಇಳಿಯಬೇಕು. ಒಂಬತ್ತು ಗುಳಿಗೊಮ್ಮೆ ಮೊತ್ತ. ಮೈದಾನದ ನಿಯಮಗಳು ಹಿಂಬದಿಗೆ. ಮಂಜಿನಲ್ಲೂ ಓದಬಲ್ಲ ಅಂಕಿಗಳು.

ಈ ಆಟದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಪಂದ್ಯದಲ್ಲಿ ತನ್ನ ಅಂಕ ತಾನೇ ಬರೆದುಕೊಳ್ಳುವಂತಿಲ್ಲ. ಜೊತೆಗಾರ ಬರೆಯಬೇಕು, ಕೊನೆಗೆ ಇಬ್ಬರೂ ಸಹಿ ಮಾಡಬೇಕು. ಬ್ಯಾಂಕಿನಲ್ಲಿಯೂ ನಮೂದಿಸುವವನೊಬ್ಬ, ಪರಿಶೀಲಿಸುವವನೊಬ್ಬ. ಆ ಭ್ರಾತೃಭಾವದ ಆವೇಶದಲ್ಲಿ ನನ್ನದೊಂದು ಸುಧಾರಣೆ ಸೇರಿಸಿದೆ: ಪ್ರತಿ ಗುಳಿಯ ಕೆಳಗೆ ಹತ್ತು ಪುಟ್ಟ ಚುಕ್ಕೆಗಳು. ಒಂದು ಹೊಡೆತಕ್ಕೆ ಒಂದು ಚುಕ್ಕೆ, ಅಲ್ಲಿಯೇ, ಆಗಲೇ ಗುರುತು ಹಾಕಬೇಕು. ಗುಳಿ ಮುಗಿದ ಮೇಲೆ ನೆನಪಿನಿಂದ ಬರೆಯುವ ಅಪಾಯವೇ ಇಲ್ಲ. ಹತ್ತು ಚುಕ್ಕೆ ಯಾರಿಗೂ ಸಾಕೆಂದು ನನ್ನ ಅಂದಾಜಾಗಿತ್ತು.

ಇಂದು ಬೆಳಗ್ಗೆ ಆರೂವರೆಗೆ ಜೋಡಿಗಳ ಚೀಟಿ ಎತ್ತಿದರು. ರಾಮ್‌ಪ್ರಸಾದ್ ಅವರ ಜೋಡಿಯಾಗಿ ಬಂದದ್ದು ಪದ್ಮಾ. ನಾನು ಕೊಡೆ ಹಿಡಿದು ಜೊತೆಗೆ ನಡೆದೆ.

ರಾಮ್‌ಪ್ರಸಾದ್ ದಾವಣಗೆರೆಯಲ್ಲಿ ಆರು ವರ್ಷ ಇದ್ದವರು, ಕನ್ನಡವನ್ನು ಪ್ರೀತಿಯಿಂದ ಆಡುತ್ತಾರೆ. ಮೊದಲ ಆರು ಗುಳಿ ಸೌಹಾರ್ದದಿಂದ ಕಳೆದವು. ಏಳನೆಯದರಲ್ಲಿ ಅವರ ಚೆಂಡು ಮರಳುಗುಂಡಿಗೆ ಬಿತ್ತು. ಅವರೂ ಅದರೊಳಗೆ ಇಳಿದರು. ಬಹಳ ಹೊತ್ತು ಮರಳು ಮಾತ್ರ ಮೇಲೆ ಬರುತ್ತಿತ್ತು. ಕೊನೆಗೆ ಚೆಂಡು ಬಂತು, ಗುಳಿ ಸೇರಿತು.

"ಆರು ಬರ್ಕೊಳ್ಳಿ ಮೇಡಂ," ಎಂದರು ಮುಖ ಒರೆಸಿಕೊಳ್ಳುತ್ತ.

ಪದ್ಮಾ ಕಾರ್ಡು ನೋಡಿದಳು. "ಚುಕ್ಕಿ ಹತ್ತೂ ತುಂಬ್ಯಾವರೀ ಸರ್. ಮ್ಯಾಲೆ ಒಂದು ನಾನs ಇಟ್ಟೀನಿ."

"ಮರಳಿನಲ್ಲಿ ಕೆಲವು ಪ್ರಾಕ್ಟೀಸ್ ಅಂಡಿ," ಎಂದರು, ತೆಲುಗಿಗೆ ಜಾರಿ.

"ಪ್ರಾಕ್ಟೀಸಿನ್ಯಾಗ ಚೆಂಡು ಎರಡು ಸಲ ಗ್ವಾಡಿಗೆ ಬಡದು ತಿರುಗಿ ಬಂತಲ್ರೀ."

ನಾನು ಕೊಡೆಯ ಮರೆಯಲ್ಲಿ ಅವಳ ಪಕ್ಕಕ್ಕೆ ಸರಿದೆ. "ಆರು ಬರಿ. ನನ್ನ ಅರ್ಜಿ ನೆನಪಿದೆಯಲ್ಲ."

"ಕೆಳಗ ಸಹಿ ಯಾರದು?"

"ನಿನ್ನದು."

"ಹಾಂಗಾದ್ರ ಸುಮ್ನ ಕೊಡಿ ಹಿಡೀರಿ."

ಹನ್ನೊಂದು ಬರೆದಳು. ಉಳಿದ ಹನ್ನೊಂದು ಗುಳಿಗಳಲ್ಲಿ ಇಂಥ ಸಂಭಾಷಣೆ ಐದು ಬಾರಿ ನಡೆಯಿತು. ಪ್ರತಿ ಬಾರಿಯೂ ರಾಮ್‌ಪ್ರಸಾದ್ ಬಗ್ಗಿ ಚುಕ್ಕೆಗಳನ್ನು ಎಣಿಸಿದರು. ಪ್ರತಿ ಬಾರಿಯೂ ಚುಕ್ಕೆಗಳು ಸರಿಯಾಗಿದ್ದವು. ಕೊಡೆ ಹಿಡಿದು ನಿಂತಲ್ಲಿಂದಲೂ ಅಂಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದುದು ನನ್ನ ದುರದೃಷ್ಟ.

ಹನ್ನೊಂದಕ್ಕೆ ಆಟ ಮುಗಿಯಿತು. ಪದ್ಮಾ ನೂರ ಹದಿನೆಂಟು, ರಾಮ್‌ಪ್ರಸಾದ್ ನೂರ ಇಪ್ಪತ್ತೇಳು. ಈ ಆಟದಲ್ಲಿ ಕಡಿಮೆ ಇದ್ದವರೇ ಗೆದ್ದವರು. ವಲಯ ಮುಖ್ಯಸ್ಥರು ಕಟ್ಟಕಡೆಯವರು. ಪೆಸರಟ್ಟು ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿ ಅವರು ಕಾರ್ಡನ್ನು ಬಿಡಿಸಿದರು, ಮಡಿಸಿದರು, ಮತ್ತೆ ಬಿಡಿಸಿದರು.

"ಈ ಚುಕ್ಕೆಗಳು ಯಾರ ಐಡಿಯಾ?"

ಹರಿಣಿಯವರದು ಎನ್ನಬಹುದಿತ್ತು. ಪದ್ಮಾ ಮುಂದೆಯೇ ಕುಳಿತಿದ್ದಳು. "ನನ್ನದೇ ಸರ್," ಎಂದೆ. "ಮುಂದಿನ ಸಲ ತೆಗೆದುಬಿಡುತ್ತೇನೆ."

"ಯಾಕೆ ತೆಗೀತೀರಿ? ಹತ್ತೊಂಬತ್ತು ವರ್ಷದಿಂದ ಆಡ್ತಿದ್ದೀನಿ. ಎಷ್ಟೋ ಊರಿನ ಕಾರ್ಡು ನೋಡಿದ್ದೀನಿ. ಯಾವುದರಲ್ಲೂ ನಾನು ಸಿಕ್ಕಿಬಿದ್ದಿಲ್ಲ." ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ವಿಜಯವಾಡದಲ್ಲಿ ನಮ್ಮ ತಪಾಸಣಾ ವಿಭಾಗಕ್ಕೆ ಮೂರು ತಿಂಗಳಿಂದ ಒಬ್ಬರನ್ನ ಹುಡುಕ್ತಿದ್ದೀನಿ. ನಿಮ್ಮ ಅರ್ಜಿ ನಿನ್ನೆವರೆಗೂ ಮಂಜೂರು ಮಾಡೋಣ ಅಂತಲೇ ಇದ್ದೆ. ಈಗ ಆಗಲ್ಲ. ಏಪ್ರಿಲ್ ತನಕ ಕಾಯೋದು ಬೇಡ, ಮುಂದಿನ ಸೋಮವಾರವೇ ಬಂದುಬಿಡಿ."

ಸುತ್ತಲಿನವರು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಧನ್ಯವಾದ ಹೇಳಿದೆ.

ಹಿಂದಿರುಗುವ ಆಟೋದಲ್ಲಿ ಪದ್ಮಾ ಎಡಗೈಯ ಹೊಸ ಗವಸನ್ನು ಕಳಚಿ ಮಡಿಸಿದಳು. ಆಮೇಲೆ, "ಆರು ಅಂತ ಬರದಿದ್ರ ಚೊಲೋ ಇತ್ತೇನ್ರೀ?" ಎಂದಳು.

"ಇಲ್ಲ," ಎಂದೆ. "ಹನ್ನೊಂದೇ ಸರಿ."

"ಮತ್ತ ಮಾರಿ ಯಾಕ ಹಂಗ ಮಾಡೀರಿ? ಶನಿವಾರಕ್ಕೊಮ್ಮೆ ಬರ್ರಿ. ಬುಧವಾರ ಹೆಂಗೂ ನಿಮಗ ಉಪ್ಪಿಟ್ಟು ಸೇರೂದಿಲ್ಲ." ಎಂದವಳು ಆಟೋದವನಿಗೆ ಪಾತ್ರೆ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದಳು.

ಈ ದಿನದ ಖರ್ಚು: ಆಟೋ, ಹೋಗಿಬರಲು, 340 ರೂಪಾಯಿ. ಪದ್ಮಾಳ ಎಡಗೈ ಗವಸು, 450. ಒಬ್ಬರಿಗೆ ಸಾಲುವ ಒಂದೂವರೆ ಲೀಟರಿನ ಕುಕ್ಕರ್, 1,290. ಒಟ್ಟು 2,080.