ಬೀಗರು ಬಂದಾರ, ಹುಷಾರ್!

ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಗುರುಸಂಗಪ್ಪ ಮಾತಿನಲ್ಲಿ ಸಾಧು, ವ್ಯವಹಾರದಲ್ಲಿ ಸಾಧು. ಅವನ ಬಲಗಾಲು ಮಾತ್ರ ಸಾಧುವಲ್ಲ. ಕಾರಿನ ಆಕ್ಸಿಲರೇಟರ್ ಸಿಕ್ಕಿತೆಂದರೆ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹೀಗಾಗಿ ಹೈವೇಯಲ್ಲಿ ವೇಗ ಅಳೆಯುವ ಪೊಲೀಸ್ ಜೀಪು ಒಂದು ದಿನ ಅವನ ಫೋಟೋ ಹೊಡೆಯಿತು. ಕಾರು ಹೆಂಡತಿ ಅನ್ನದಾನಮ್ಮನ ಹೆಸರಿನಲ್ಲಿದ್ದುದರಿಂದ ದಂಡದ ನೋಟಿಸು, ಫೋಟೋ ಸಮೇತ, ಆಕೆಯ ಫೋನಿಗೇ ಬಂತು. ಆಕೆ ಅದನ್ನು ದೊಡ್ಡದು ಮಾಡಿ ಓಣಿಯ ಹೆಂಗಸರಿಗೆಲ್ಲ ತೋರಿಸಿ, "ನಮ್ಮ ಮದುವಿ ಫೋಟೋದಾಗೂ ಇವರು ಇಷ್ಟು ಚೆಂದ ಬಂದಿದ್ದಿಲ್ರಿ" ಎಂದಳು.

ಮಾನ ಉಳಿಸಿಕೊಳ್ಳಲು ಗುರುಸಂಗಪ್ಪ ಮೆಕ್ಯಾನಿಕ್ ನಯಾಜನ ಹತ್ತಿರ ಹೋಗಿ, ರಾಡಾರನ್ನು ಪತ್ತೆ ಹಚ್ಚುವ ಡಬ್ಬಿಯೊಂದನ್ನು ಕಾರಿಗೆ ಕೂಡಿಸಿಕೊಂಡ. ಜೀಪು ಹತ್ತಿರವಾದರೆ ಅದು ಕುಂಯ್ ಎನ್ನಬೇಕು. ಅದು ಹಿಟ್ಟಿನ ಗಿರಣಿಗೂ ಕುಂಯ್ ಎಂದಿತು, ಮೊಬೈಲ್ ಟವರಿಗೂ ಕುಂಯ್ ಎಂದಿತು. ನಿಜವಾದ ಜೀಪಿನ ಮುಂದೆ ಹಾಯುವಾಗ ಮಾತ್ರ ಹಾಲು ಕುಡಿದ ಕೂಸಿನಂತೆ ಮಲಗಿಬಿಟ್ಟಿತ್ತು. ಅನ್ನದಾನಮ್ಮನಿಗೆ ಎರಡನೇ ಫೋಟೋ ಬಂತು.

"ಡಬ್ಬಿ ಕಿತ್ತು ಒಗೀರಿ ಅಣ್ಣ" ಎಂದ ನಯಾಜ. "ಮನುಷ್ಯಾರಿಗಿಂತ ದೊಡ್ಡ ರಾಡಾರ್ ಯಾವುದೈತ್ರಿ? ನಮ್ಮ ಡ್ರೈವರ್‌ಗಳದು ವಾಟ್ಸಾಪ್ ಗ್ರೂಪ್ ಐತಿ, ನಿಮ್ಮನ್ನೂ ಸೇರಸ್ತೀನಿ. ಜೀಪ್ ಕಂಡೋರು ಎಲ್ಲಾರಿಗೂ ತಿಳಸ್ತಾರ. ಆದ್ರ ಪೊಲೀಸ್ರು ಅಂತ ಬರಿಯಂಗಿಲ್ರಿ. ಬೀಗರು ಅಂತ ಬರಿತೀವಿ."

"ಬೀಗರು ಯಾಕೋ?"

"ಮತ್ತೇನ್ರಿ! ಬೀಗರು ಬಂದ್ರ ಮೈಯೆಲ್ಲ ಕಣ್ಣಾಗಿರಬೇಕು. ಎಷ್ಟ ಕೈ ಮುಗುದ್ರೂ ಏನಾರ ಇಸ್ಕೊಂಡ ಹೋಗ್ತಾರ."

ಇದು ಗುರುಸಂಗಪ್ಪನಿಗೆ ಬಹಳ ಹಿಡಿಸಿತು. ಆದರೆ ನಿಜವಾದ ಬೀಗರು ಅವನ ಮನೆಗೆ ಬರುವ ದಿನವೂ ಹತ್ತಿರದಲ್ಲೇ ಇತ್ತು. ಮಗಳು ಚಂದನಾಳಿಗೆ ಹರಪನಹಳ್ಳಿ ಆಚೆಯ ನೀಲಗುಂದದ ಕಡೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಚಂದನಾಳ ಮನಸ್ಸಿಗೂ ಬಂದಿದ್ದ. ಎರಡೂ ಕಡೆಯ ಹಿರಿಯರು ಕೂತು ಮಾತು ಮುಗಿಸುವುದೊಂದೇ ಬಾಕಿ. ಹುಡುಗನ ತಂದೆ ಜಂಬುನಾಥ ಮಾತ್ರ ಬೆಂಕಿಯಂಥ ಮನುಷ್ಯ. ಮರ್ಯಾದೆಯಲ್ಲಿ ಎಳ್ಳುಕಾಳಷ್ಟು ಕಡಿಮೆಯಾದರೂ ಊಟದ ತಟ್ಟೆ ಮುಂದಿದ್ದರೂ ಬಿಟ್ಟು ಎದ್ದು ಹೋಗುವವನು.

ಬೀಗರು ಬರುವ ದಿನ ಬೆಳಗ್ಗೆ ಗುರುಸಂಗಪ್ಪ ಮಾತುಕತೆಗೆ ಬೇಕಾದ ತನ್ನ ದೊಡ್ಡಪ್ಪ ಶಿವಯೋಗಪ್ಪನನ್ನು ಕರೆತರಲು ಹರಪನಹಳ್ಳಿಗೆ ಹೊರಟ. "ಅವರು ಬರೋದ್ರಾಗ ನೀವು ಬಾಗಿಲದಾಗ ನಿಂತಿರಬೇಕು, ನೋಡ್ರಿ" ಎಂದು ಅನ್ನದಾನಮ್ಮ ಬೆರಳು ತೋರಿಸಿ ಹೇಳಿದಳು. "ಇರೋಕಿ ಒಬ್ಬಾಕಿ ಮಗಳು."

"ನನಗೂ ಒಬ್ಬಾಕಿ ಅಲ್ಲೇನು?" ಎಂದ ಗುರುಸಂಗಪ್ಪ. ಮಗಳೆಂದರೆ ಅವನಿಗೆ ಜೀವ.

ಹರಪನಹಳ್ಳಿಯಲ್ಲಿ ದೊಡ್ಡಪ್ಪ ಮಡಿ ರುಮಾಲು ಹುಡುಕಿ, ಸುತ್ತಿ, ಬಿಚ್ಚಿ, ಮತ್ತೆ ಸುತ್ತುವ ಹೊತ್ತಿಗೆ ಬಿಸಿಲು ಏರಿತ್ತು. ಕಾರು ಊರು ದಾಟಿದಾಗ ಗುರುಸಂಗಪ್ಪ ಫೋನನ್ನು ಅವನ ಕೈಗಿಟ್ಟ.

"ದೊಡ್ಡಪ್ಪಾ, ಇದು ಟಣ್ ಅಂದ್ರ ಏನ್ ಬರದೈತೋ ಓದಿ ಹೇಳ್ರಿ. ಬೀಗರು ಅಂದ್ರ ಪೊಲೀಸ್ರು ಅಂತ ತಿಳಕೊಳ್ರಿ. ಯಾರಾರ ಫೋನ್ ಮಾಡಿದ್ರ ಎತ್ತಬ್ಯಾಡ್ರಿ, ಗಾಡಿ ಹೊಡಿವಾಗ ನಾ ಮಾತಾಡಿದ್ರ ಅದಕ್ಕೂ ದಂಡ ಹಾಕ್ತಾರ."

"ಆತು ಬಿಡು. ಕನ್ನಡ ಶಾಲ್ಯಾಗ ನಾನ ಗಟ್ಟಿಯಾಗಿ ಓದೋನು" ಎಂದು ದೊಡ್ಡಪ್ಪ ಕನ್ನಡಕ ಏರಿಸಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಫೋನ್ ಟಣ್ ಎಂದಿತು. "ಬೀಗರು ಬಂದಾರ" ಎಂದು ದೊಡ್ಡಪ್ಪ ಪಾಠ ಒಪ್ಪಿಸುವವನಂತೆ ಓದಿದ.

ಗುರುಸಂಗಪ್ಪನ ಬಲಗಾಲು ತಟ್ಟನೆ ಮೇಲೆದ್ದಿತು. ಕಾರು ಮದುವೆಯ ಮೆರವಣಿಗೆಯಂತೆ ಸಾಗತೊಡಗಿತು. ಹಿಂದಿನಿಂದ ಬಂದ ಹುಲ್ಲಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದು ಮುಂದೆ ಹೋಯಿತು. ಸೈಕಲ್ಲಿನಲ್ಲಿ ಹೊರಟಿದ್ದ ಹಾಲಿನವನೊಬ್ಬ ಜೊತೆಜೊತೆಗೇ ಬಂದು, ಕಿಟಕಿಯೊಳಗೆ ಬಗ್ಗಿ ನೋಡಿ, "ಗಾಡಿ ಕೆಟ್ಟೈತೇನ್ರಿ ಸಾವ್ಕಾರ್ರ? ದಬ್ಬಲೇನು?" ಎಂದು ಕೇಳಿದ.

ಫೋನ್ ಬಡಿದುಕೊಂಡಿತು. ದೊಡ್ಡಪ್ಪ ಕೆಂಪು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಮರುಕ್ಷಣ ಮತ್ತೆ ಟಣ್.

"ಬೀಗರು ಕಾಯಾಕ ಹತ್ಯಾರ. ಮಾರಿ ಕೆಂಪಗಾಗೈತಿ."

"ಆಗದ ಏನ್ ಮಾಡ್ತೈತ್ರಿ ದೊಡ್ಡಪ್ಪ? ಇಂಥಾ ಬಿಸಿಲಾಗ ನಿಂತಾರ!" ಎನ್ನುತ್ತ ಗುರುಸಂಗಪ್ಪ ಇನ್ನಷ್ಟು ನಿಧಾನ ಮಾಡಿದ. ಮನಸ್ಸು ಮನೆಯ ಬಾಗಿಲಿನಲ್ಲಿತ್ತು, ಕಣ್ಣು ಗಿಡಗಂಟಿಗಳ ಮರೆಯಲ್ಲಿತ್ತು. ಮೂರನೇ ಫೋಟೋ ಬಂದರೆ ಅನ್ನದಾನಮ್ಮ ಅದನ್ನು ಜಂಬುನಾಥನ ಮುಂದೆಯೇ ಹಿಡಿಯುವವಳೆಂದು ಅವನಿಗೆ ಗೊತ್ತು.

ಕೊನೆಗೆ ಮೂರನೇ ಟಣ್ ಬಂತು. "ಬೀಗರು ಸಿಟ್ಟಾಗಿ ಎದ್ದು ಹೊಂಟ್ರು."

"ಶಿವನೇ, ಗೆದ್ದೆ!" ಎಂದು ಗುರುಸಂಗಪ್ಪ ಸ್ಟೇರಿಂಗಿಗೆ ಮುತ್ತು ಕೊಟ್ಟ. ಇಷ್ಟು ಹೊತ್ತು ಉಪವಾಸವಿದ್ದ ಬಲಗಾಲು ಬಡ್ಡಿಸಮೇತ ಕೆಳಗಿಳಿಯಿತು. ಟ್ರ್ಯಾಕ್ಟರ್ ಹಿಂದೆ ಬಿತ್ತು, ಹಾಲಿನವನು ಹಿಂದೆ ಬಿದ್ದ, ದೊಡ್ಡಪ್ಪನ ರುಮಾಲು ಹಿಂದಿನ ಸೀಟಿಗೆ ಹಾರಿತು. ಆಲದ ಮರ ದಾಟಿದ್ದೇ ತಡ, ಕಾನ್‌ಸ್ಟೇಬಲ್ ಶ್ರೀನಾಥ ರಸ್ತೆಗೆ ಅಡ್ಡ ಬಂದು ಕೈ ತೋರಿಸಿದ. ಮರದ ಮರೆಯಲ್ಲಿ ಜೀಪು ನಿಂತಿತ್ತು. ಜೀಪಿನೊಳಗೆ ಎಸ್‌ಐ ಗೀತಾಂಜಲಿ ಕೂತಿದ್ದರು.

"ಹೋಗ್ಯಾರ ಅಂತ ಓದಿದ್ರಲ್ರಿ!" ಎಂದು ಗುರುಸಂಗಪ್ಪ ದೊಡ್ಡಪ್ಪನ ಕೈಯಿಂದ ಫೋನ್ ಕಸಿದು ನೋಡಿದ. ಮೂರು ಸಂದೇಶಗಳೂ ಗ್ರೂಪಿನಿಂದ ಬಂದವಲ್ಲ. ಮೇಲೆ ಅನ್ನದಾನಮ್ಮನ ಹೆಸರಿತ್ತು. ಬಾಯಿ ಬಿಟ್ಟರೆ ನಿಲ್ಲಿಸದ ಆಕೆ ಫೋನಿನಲ್ಲಿ ಬರೆಯುವಾಗ ಮಾತ್ರ ಅಕ್ಷರಕ್ಕೆ ಬರಗಾಲ ಬಂದವರಂತೆ ಬರೆಯುತ್ತಿದ್ದಳು.

"ಯಾರು ಕಳಿಸ್ಯಾರಂತ ನೀ ಎಲ್ಲಿ ಕೇಳಿದಿ? ಬರದದ್ದು ಓದು ಅಂದಿ, ಓದಿದೆ" ಎಂದ ದೊಡ್ಡಪ್ಪ.

ಗುರುಸಂಗಪ್ಪ ಓಡಿಹೋಗಿ ಎಸ್‌ಐ ಮುಂದೆ ಕೈ ಮುಗಿದ. "ಮೇಡಂ, ದಂಡ ಎಷ್ಟಾರ ಹಾಕ್ರಿ, ಲಗೂನ ಬಿಟ್ಟುಬಿಡ್ರಿ. ಬೀಗರು ಬಂದಾರ್ರಿ!"

ಶ್ರೀನಾಥ ಕಿಸಕ್ಕನೆ ನಕ್ಕ. ಗೀತಾಂಜಲಿ ನಗಲಿಲ್ಲ. "ಹೌದ್ರಿ ಯಜಮಾನ್ರ, ಬಂದೀವಿ. ಆರತಿ ಎಲ್ಲೈತಿ?"

"ಅಯ್ಯೋ, ನೀವಲ್ರಿ! ಖರೇ ಖರೇ ಬೀಗರು! ನನ್ನ ಮಗಳನ್ನ ಕೇಳಾಕ..."

"ಮುಂಜಾನಿಂದ ನಾವು ಹಿಡಿದೋರ ಫೋನಿನಾಗೆಲ್ಲ ಬೀಗರಂದ್ರ ನಾವ. ಈಗ ನಿಮ್ಮ ಮನಿಗೆ ಬ್ಯಾರೆ ಬೀಗರು ಬಂದ್ರೇನು? ಲೈಸೆನ್ಸ್ ತೋರಸ್ರಿ."

ಜೀವಮಾನದಲ್ಲಿ ಮೊದಲ ಸಲ ಸತ್ಯ ಹೇಳಿ ಸಿಕ್ಕಿಬಿದ್ದವನಂತೆ ಗುರುಸಂಗಪ್ಪ ಒದ್ದಾಡಿದ. ಅಷ್ಟರಲ್ಲಿ ಕೊಟ್ಟೂರಿನ ಕಡೆಯಿಂದ ಬಿಳಿ ಬಾಡಿಗೆ ಗಾಡಿಯೊಂದು ಧೂಳೆಬ್ಬಿಸುತ್ತ ಬಂತು. ಮುಂದಿನ ಸೀಟಿನಲ್ಲಿ ಮೀಸೆ ಬಿಗಿದುಕೊಂಡು ಕೂತಿದ್ದವನು ಜಂಬುನಾಥನೇ! ಗುರುಸಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಕಾಲಿಗೆ ಬಿದ್ದಾದರೂ ವಾಪಸು ಕರೆದೊಯ್ಯುತ್ತೇನೆ, ಮಗಳ ಮುಖ ಬಾಡಲು ಬಿಡುವುದಿಲ್ಲ ಎಂದುಕೊಂಡು ಶ್ರೀನಾಥನ ಕೈ ಕೊಸರಿ ರಸ್ತೆಯ ನಡುವೆ ಓಡಿದ. ಎರಡೂ ಕೈ ಮೇಲೆತ್ತಿ ಬೀಸುತ್ತ, ಗಂಟಲು ಹರಿಯುವಂತೆ ಕೂಗಿದ.

"ಬೀಗರೇ! ಬೀಗರೇ!"

ಗಾಡಿ ಗಕ್ಕನೆ ನಿಧಾನವಾಯಿತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನಿಗೊಂದು ಭರ್ಜರಿ ಸಲಾಮು ಹೊಡೆದ. ಆಮೇಲೆ ಸ್ಟೇರಿಂಗ್ ಎಳೆದು, ಗಾಡಿಯನ್ನು ಪಕ್ಕದ ಹೊಲದ ದಾರಿಗೆ ಇಳಿಸಿದ. ಜೋಳದ ಹೊಲಗಳ ನಡುವೆ ಧೂಳು ಎದ್ದಿತು. ಜಂಬುನಾಥನ ಮೀಸೆಯೂ ಕಾಣಲಿಲ್ಲ.

"ನಮ್ಮ ಕಣ್ಣೆದುರಿಗೆ ನಿಂತು ನಮ್ಮ ಸುದ್ದಿ ಕೊಡ್ತೀರೇನ್ರಿ?" ಎಂದು ಗೀತಾಂಜಲಿ ಜೀಪಿನಿಂದ ಇಳಿದೇ ಬಂದರು. "ಶ್ರೀನಾಥ, ಇದನ್ನೂ ಸೇರಿಸಿ ಬರಿ."

ಗುರುಸಂಗಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಚಂದನಾಳಿಗೆ ಏನು ಹೇಳುವುದೆಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಟಣ್ ಎಂದಿತು. ಕಾರಿನಿಂದ ಇಳಿದು ಬಂದಿದ್ದ ದೊಡ್ಡಪ್ಪ ಅದನ್ನು ಅವನ ಕೈಯಿಂದ ತೆಗೆದುಕೊಂಡು ಕನ್ನಡಕ ಏರಿಸಿ, ಈ ಸಲ ತಪ್ಪಾಗಬಾರದೆಂದು ಹೆಸರಿನಿಂದಲೇ ಶುರು ಮಾಡಿ ಓದಿದ.

"ಡ್ರೈವರ್ ದುರುಗೇಶ್. ಕೊಟ್ಟೂರಿನ ಪಾತ್ರಿ ಅಂಗಡಿ ಗುರುಸಂಗಪ್ಪಣ್ಣ ನಡುರಸ್ತಿಗೆ ಬಂದು ಕೂಗಿ ಹೇಳಿದ್ದಕ್ಕ, ಗಾಡ್ಯಾಗಿದ್ದೋರೆಲ್ಲ ಬೀಗರ ಕೈಯಿಂದ ಪಾರಾದ್ವಿ. ಅಣ್ಣನ ಉಪಕಾರ ಮರೆಯಂಗಿಲ್ಲ."

ಅದರ ಕೆಳಗೆ ಗ್ರೂಪಿನವರೆಲ್ಲ ಒಬ್ಬರ ಹಿಂದೊಬ್ಬರು ಗುರುಸಂಗಪ್ಪನಿಗೆ ಕೈ ಮುಗಿಯತೊಡಗಿದ್ದರು.